ಸರ್ವೋತ್ತಮರ ಓ ಪಾಸಿಟಿವ್ ರಕ್ತ

ಪರ್ಕಳದ ಸರ್ವೋತ್ತಮರಿಗೆ ಸೂಜಿ ಕಂಡರೆ ಜೀವ ಬಾಯಿಗೆ ಬರುತ್ತದೆ. ಆದರೆ ಒಪ್ಪಿಕೊಳ್ಳುವ ಪೈಕಿ ಅಲ್ಲ. ರಕ್ತದಾನ ಶಿಬಿರಕ್ಕೆ ಯಾರಾದರೂ ಕರೆದರೆ, "ನನ್ನದು ಓ ಪಾಸಿಟಿವ್ ಮಾರಾಯ್ರೆ, ಬೇಕಾದಷ್ಟು ಸಿಗ್ತದೆ. ಬಿ ಆಗಿದ್ದರೆ ಈಗಲೇ ಎರಡು ಬಾಟಲಿ ಕೊಡ್ತಿದ್ದೆ!" ಎಂದು ಎದೆ ತಟ್ಟಿಕೊಂಡು ಜಾರಿಕೊಳ್ಳುತ್ತಿದ್ದರು. (ಕೊಡುವುದಿಲ್ಲ ಎಂಬುದನ್ನು ಇಷ್ಟು ಉದಾರವಾಗಿ ಹೇಳುವವರು ಜಿಲ್ಲೆಯಲ್ಲೇ ಇನ್ನೊಬ್ಬರಿಲ್ಲ.)

ಆ ಭಾನುವಾರ ಬೆಳಿಗ್ಗೆ ಅವರು ನೀರುದೋಸೆಗೆ ಕೂತಿದ್ದಾಗ, ಪಿಯುಸಿ ಓದುವ ಮಗಳು ಚೈತಾಲಿ ಪಾಠ ಒಪ್ಪಿಸಲು ಬಂದಳು.

"ಅಪ್ಪ, ಜೀವಕೋಶದ ಒಳಗಿನ ಕೋಣೆಯಲ್ಲಿ ಡಿಎನ್‌ಎ ಅಂತ ದೊಡ್ಡ ಪುಸ್ತಕ ಉಂಟು. ಅದು ಹೊರಗೆ ಬರೂದಿಲ್ಲ. ಬೇಕಾದ ಪುಟದ ನಕಲು ಮಾತ್ರ ಆರ್‌ಎನ್‌ಎ ಆಗಿ ಹೊರಗೆ ಬರ್ತದೆ. ರೈಬೋಸೋಮ್ ಅದನ್ನು ಓದಿ, ಅಮೈನೋ ಆಮ್ಲ ಪೋಣಿಸಿ ಪ್ರೋಟೀನ್ ಮಾಡ್ತದೆ."

"ನಿನ್ನ ಅಮ್ಮನ ಅಡುಗೆ ಪುಸ್ತಕದ ಹಾಗೆ. ಯಾರ ಕೈಗೂ ಕೊಡೂದಿಲ್ಲ."

"ಕೊಟ್ಟರೆ ಎಣ್ಣೆ ಕೈಯಲ್ಲಿ ಹಿಡೀತೀರಿ," ಅಡುಗೆಮನೆಯಿಂದ ಹೆಂಡತಿ ಸ್ವರ್ಣಲತಾ ಗುಡುಗಿದರು.

"ರಕ್ತದ ಗುಂಪೂ ಹಾಗೇ ಅಪ್ಪ. ಎ ಅಥವಾ ಬಿ ಜೀನ್ ಇದ್ದರೆ, ಅದರಿಂದಾದ ಪ್ರೋಟೀನ್ ರಕ್ತಕಣದ ಮೇಲೆ ಒಂದು ಸಕ್ಕರೆ ಅಂಟಿಸ್ತದೆ. ಓ ಗುಂಪಿನವರಲ್ಲಿ ಅಂಟಿಸುವವರೇ ಇಲ್ಲ. ಅಪ್ಪ, ಅಮ್ಮ ಇಬ್ಬರೂ ಓ ಆದರೆ ಮಕ್ಕಳೂ ಓ. ಅಮ್ಮನ ಹೆರಿಗೆ ಕಾರ್ಡಿನಲ್ಲಿ ಓ ಅಂತ ಉಂಟು, ನಿಮ್ಮದೂ ಓ. ಮೊನ್ನೆ ಲ್ಯಾಬಿನಲ್ಲಿ ನೋಡಿದಾಗ ನನ್ನದು..." ಹುಡುಗಿಯ ಸ್ವರ ಸಣ್ಣದಾಯಿತು. "ಬಿ."

ಸರ್ವೋತ್ತಮರು ದೋಸೆಯ ತಟ್ಟೆ ದೂಡಿ ಎದ್ದರು. ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಊರೆಲ್ಲ ಸುತ್ತಿಸಿದ ಮಗಳು!

"ಆಸ್ಪತ್ರೆಯಲ್ಲಿ ಮಗು ಅದಲುಬದಲಾಗಿದೆ!" ಎಂದು ಕಿರುಚಿದರು. ಚೈತಾಲಿಯ ಕಣ್ಣು ತುಂಬಿತು.

ಸ್ವರ್ಣಲತಾ ಸಟ್ಟುಗ ಹಿಡಿದೇ ಹೊರಗೆ ಬಂದರು. "ಆ ದಿನ ಅಲ್ಲಿ ಹುಟ್ಟಿದ್ದು ಇವಳೊಬ್ಬಳೇ. ಯಾರ ಜೊತೆ ಬದಲಾಗೂದು, ನರ್ಸಿನ ಬುತ್ತಿ ಡಬ್ಬಿ ಜೊತೆಯಾ?"

ಸರ್ವೋತ್ತಮರು ಹೆಂಡತಿಯನ್ನು ನೋಡಿದರು. ನೋಡಬಾರದಿತ್ತು.

"ಎಂತ ನೋಡೂದು? ಮನಸ್ಸಿನಲ್ಲಿ ಇರೂದನ್ನು ಬಾಯಿ ಬಿಟ್ಟು ಹೇಳಿ ನೋಡುವ!" ಸಟ್ಟುಗ ಮೂಗಿನ ಹತ್ತಿರ ಬಂತು. "ನಿಮ್ಮದು ಓ ಅಂತ ಹೇಳಿದ್ದು ಯಾರು?"

"ಲೈಸೆನ್ಸಿನಲ್ಲಿ ಉಂಟು!"

"ಲೈಸೆನ್ಸಿಗೆ ಅಂತ ರಕ್ತ ಪರೀಕ್ಷೆ ಯಾವಾಗ ಮಾಡಿಸಿದ್ದು?"

ಸರ್ವೋತ್ತಮರಿಗೆ ಆಗ ನೆನಪಾಯಿತು. ಇಪ್ಪತ್ತೈದು ವರ್ಷದ ಹಿಂದೆ ಬ್ರೋಕರ್ ಪೀಟರ್ ಲ್ಯಾಬಿನ ಚೀಟಿ ಕೇಳಿದಾಗ, ಸೂಜಿಗೆ ಹೆದರಿ, "ಎಂತಾದರೂ ಬರೆ ಮಾರಾಯ" ಎಂದಿದ್ದರು. ಪೀಟರ್ ಬರೆದಿದ್ದ. ತಾವು ಬರೆಸಿದ ಸುಳ್ಳನ್ನು ಅಂದಿನಿಂದ ಅವರೇ ನಂಬಿಕೊಂಡು ಬಂದಿದ್ದರು.

ಅರ್ಧ ಗಂಟೆಯಲ್ಲಿ ಮೂವರೂ ಪೇಟೆಯ ಲ್ಯಾಬಿನಲ್ಲಿದ್ದರು. ಸರ್ವೋತ್ತಮರು ಅಯ್ಯಯ್ಯೋ ಎಂದು ಕೂಗಿದಾಗ ಲ್ಯಾಬಿನ ಸೆಲೀನ್, "ಇದು ಬರೀ ಹತ್ತಿ ಅಂಕಲ್, ಚುಚ್ಚಿ ಆಗಲಿಲ್ಲ," ಎಂದಳು. ಚುಚ್ಚಿಯೂ ಆಯಿತು.

"ಬಿ ಪಾಸಿಟಿವ್."

ಸರ್ವೋತ್ತಮರು ಮಗಳನ್ನು ತಬ್ಬಿಕೊಂಡು ಅತ್ತೇಬಿಟ್ಟರು. "ನನ್ನದೇ ರಕ್ತ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಸಾರಿದರು. ಚೈತಾಲಿಯೂ ಅಳುತ್ತಾ ನಕ್ಕಳು. ಹೆಂಡತಿಯ ಕ್ಷಮೆ ಹೇಗೆ ಕೇಳುವುದೆಂದು ತಿಳಿಯದೆ ಅವರು ಹಲ್ಲು ಕಿರಿದು ಆಕೆಯ ಕಡೆ ತಿರುಗಿದರು.

ಸ್ವರ್ಣಲತಾ ಕೌಂಟರಿನಲ್ಲಿ ಬಗ್ಗಿ ಏನೋ ಬರೆಯುತ್ತಿದ್ದರು. ಮುಂದಿನ ಭಾನುವಾರದ ರಕ್ತದಾನ ಶಿಬಿರದ ಪಟ್ಟಿ.

"ಇವರದ್ದು ಬಿ ಅಂತೆ ಸೆಲೀನ್," ಎಂದರು ತಲೆ ಎತ್ತದೆ. "ಮೊದಲ ಹೆಸರು ಇವರದ್ದೇ ಇರಲಿ. ಎರಡು ಬಾಟಲಿ ಅಂತ ಇವರೇ ಹೇಳಿದ್ದು."