ಸೀಟಿ ಹೊಡೆದ ಟರ್ಬೊ

"ನನ್ನ ಕಿವಿ ಇರೂತನಕಾ ಈ ಗಾಡಿ ಬಾನೆಟ್ಟಿಗಿ ಯಾವ ಮೆಕ್ಯಾನಿಕ್ಕನ ಕೈನೂ ತಾಗಂಗಿಲ್ಲ!"

ಸದಾಶಿವನಗರದ ತಮ್ಮ ಮನೆಯ ಅಂಗಳದಲ್ಲಿ ನಿಂತು ಗುರುಪುತ್ರಪ್ಪನವರು ಹೀಗೆ ಘೋಷಿಸಿದಾಗ ಎದುರಿಗಿದ್ದವರು ಇಬ್ಬರೇ. ಒಬ್ಬರು ಹೆಂಡತಿ ಕಾಂತಾ, ಇನ್ನೊಂದು ಹೊಸ ಕೆಂಪು ಟರ್ಬೊ ಕಾರು.

ಅವರ ಹೆಮ್ಮೆಗೆ ಕಾರಣವಿತ್ತು. ಉದ್ಯಮಬಾಗದಲ್ಲಿ ಅವರದೊಂದು ಫೌಂಡ್ರಿ. ಎರಕದ ತುಂಡನ್ನು ಸುತ್ತಿಗೆಯಿಂದ ತಟ್ಟಿ, ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಕೇಳಿದರೆಂದರೆ ಸಾಕು, ಒಳಗೆ ಅಡಗಿದ ಬಿರುಕು ತಾನಾಗಿಯೇ ತಪ್ಪೊಪ್ಪಿಕೊಳ್ಳುತ್ತಿತ್ತು! ಓರಗೆಯವರೆಲ್ಲ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವ ವಯಸ್ಸಿನಲ್ಲಿ ಇವರು ಬಾಣದಂತೆ ಓಡುವ ಕಾರು ತಂದಿದ್ದರು.

ಆದರೆ ಆ ಕಾರು ಸೀಟಿ ಹೊಡೆಯತೊಡಗಿತು. ವೇಗ ಏರಿದಂತೆಲ್ಲ 'ಸುಂಯ್ಯ್...'!

"ಯಾರಿಗ್ರೀ ಇದು ಸೀಟಿ ಹೊಡ್ಯಾಕತ್ತಿದ್ದು?" ಎಂದರು ಕಾಂತಾ.

"ಟರ್ಬೊ, ಕಾಂತಾ, ಟರ್ಬೊ! ಹೊಗಿ ಹೊರಗ ಹೋಗೂ ಮುಂದ ಒಂದು ಸಣ್ಣ ಗಾಲಿ ತಿರಗಸ್ತೈತಿ. ಆ ಗಾಲಿ ಎಂಜಿನ್ನಿಗಿ ಗಾಳಿ ಊದತೈತಿ. ಈಗ ಅದು ಅಳ್ಳಾಡಾಕತ್ತೈತಿ. ಬರೇ ಕಿವೀಲೆ ಹೇಳೇನಿ ನೋಡು!"

"ಹಂಗಾರ ಗ್ಯಾರೇಜಿಗಿ ಒಯ್ರಿ. ರವಿವಾರ ಸಾಕ್ಷಿ ಕುಬಸ ಐತಿ."

"ಗ್ಯಾರೇಜು? ನಾನು?"

ಸಾಕ್ಷಿ ಅವರ ಒಬ್ಬಳೇ ಮಗಳು, ಚೊಚ್ಚಲ ಬಸುರಿ. ಕುಬಸವೆಂದರೆ ಅವಳ ಸೀಮಂತ, ನಡೆಯುವುದು ಕೊಟ್ಟ ಮನೆ ಖಾನಾಪುರದಲ್ಲಿ. "ಆ ಗಾಡಿ ನಮ್ಮೂರ ತನಕಾ ಮುಟ್ಟತೈತೇನ್ರೀ?" ಎಂದು ಬೀಗರಾದ ಸಿದ್ದಪ್ಪನವರು ಫೋನಿನಲ್ಲಿ ನಕ್ಕಿದ್ದರು. ಕುಬಸದ ಸೀರೆಯಷ್ಟೇ ಅಲ್ಲ, ತವರುಮನೆಯ ಮಾನವೂ ಅದೇ ಕಾರಿನಲ್ಲಿ ಹೋಗಬೇಕಿತ್ತು!

ಶನಿವಾರ ಬಾನೆಟ್ ತೆರೆಯಿತು. ಗುರುಪುತ್ರಪ್ಪನವರು ಒಂದು ದಪ್ಪ ರಬ್ಬರ್ ಪೈಪು ಕಳಚಿ, ಒಳಗೆ ಬೆರಳು ಹಾಕಿ ಗಾಲಿ ತಿರುಗಿಸಿದರು. ಅದು ಕಿಂಚಿತ್ತೂ ಅಳ್ಳಾಡದೆ ನುಣ್ಣಗೆ ತಿರುಗಿತು. ಅವರು ಗಾಲಿಯನ್ನು ಅನುಮಾನಿಸಿದರೇ ಹೊರತು ತಮ್ಮ ಕಿವಿಯನ್ನಲ್ಲ. "ಈಗ ನಾಟಕಾ ಮಾಡಾಕತ್ತೈತಿ" ಎಂದು ಪೈಪು ಮತ್ತೆ ಸಿಕ್ಕಿಸಿದರು.

ರವಿವಾರ ಪೀರನವಾಡಿ ದಾಟುವಷ್ಟರಲ್ಲಿ ಸೀಟಿಯ ಜೊತೆಗೆ ಹೊಸದೊಂದು ಹಿಮ್ಮೇಳ ಸೇರಿತು. 'ಫುಸ್ಸ್!' ಬಾಣದಂತೆ ಓಡುವ ಕಾರು ತೆವಳತೊಡಗಿತು. ಹಿಂದಿನಿಂದ ಬಂದ ಕಬ್ಬಿನ ಟ್ರ್ಯಾಕ್ಟರು ಇವರನ್ನು ದಾಟಿ ಹೋಯಿತು. ಅದರ ಚಾಲಕ ಅನುಕಂಪದಿಂದ ಕೈ ಬೀಸಿದ!

ತೊಡೆಯ ಮೇಲೆ ಹೋಳಿಗೆಯ ಡಬ್ಬಿ ಇಟ್ಟುಕೊಂಡಿದ್ದ ಕಾಂತಾ ಮೆಲ್ಲಗೆ ಅಂದರು: "ಟ್ರ್ಯಾಕ್ಟರಿಗಿ ಕೈ ಮಾಡೂಣೇನ್ರೀ?"

ಗುರುಪುತ್ರಪ್ಪನವರು ಗಾಡಿ ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿ ನೋಡಿದರು. ನಿನ್ನೆ ತಾವೇ ಸಿಕ್ಕಿಸಿದ ಪೈಪು ಕಳಚಿ ಜೋತಾಡುತ್ತಿತ್ತು. ಕ್ಲಿಪ್ ಬಿಗಿಯುವುದನ್ನೇ ಮರೆತಿದ್ದರು! ಎಂಜಿನ್ ಆರಿದ ಮೇಲೆ ಭದ್ರವಾಗಿ ಬಿಗಿದರು. ಕಾರಿಗೆ ಜೀವ ಬಂತು, ಅವರ ಮೀಸೆಗೂ ಬಂತು. ಆದರೆ ಗಾಡಿ ಮತ್ತೆ ವೇಗ ಹಿಡಿಯುತ್ತಲೇ ಸೀಟಿಯೂ ಶುರುವಾಯಿತು.

"ಒಂದೀಟು ಎಕ್ಸಲೇಟರ್ ಬಿಡ್ರಿ" ಎಂದರು ಕಾಂತಾ.

ಬಿಟ್ಟರು. ಎಂಜಿನ್ ಮೆತ್ತಗಾಯಿತು. ಸೀಟಿ ಹಾಗೇ ಇತ್ತು.

"ಎಂಜಿನ್ ಸುಮ್ಮನಾದ್ರೂ ಹೊಡ್ಯಾಕತ್ತೈತಂದ್ರ ಅದು ಟರ್ಬೊ ಹೆಂಗಾದೀತ್ರೀ?" ಎನ್ನುತ್ತ ಕಾಂತಾ ತಮ್ಮ ಬಾಜೂ ಬಾಗಿಲಿನ ಅಂಚಿಗೆ ಅಂಗೈ ಒತ್ತಿದರು. ನಿಶ್ಶಬ್ದ! ಕೈ ತೆಗೆದರು. ಸುಂಯ್ಯ್! ಬಾಗಿಲಿನ ರಬ್ಬರು ಕಿತ್ತುಹೋಗಿ, ಆ ಸಂದಿಯಲ್ಲಿ ಗಾಳಿ ಊದುತ್ತಿತ್ತು. ಕಾಂತಾ ಅಲ್ಲಿಗೆ ಕರ್ಚೀಫು ತುರುಕಿದರು. ಟರ್ಬೊ ವಾಸಿಯಾಯಿತು!

ಉಳಿದ ದಾರಿಯಲ್ಲಿ ಗುರುಪುತ್ರಪ್ಪನವರು ರಸ್ತೆಯನ್ನು ಬಹಳ ಶ್ರದ್ಧೆಯಿಂದ ನೋಡಿದರು. ಬೀಗರ ಮುಂದೆ ಇವಳು ಬಾಯಿ ಬಿಟ್ಟರೆ?

ಖಾನಾಪುರದಲ್ಲಿ ಸಿದ್ದಪ್ಪನವರು ಬಾಗಿಲಲ್ಲೇ ಕಾದಿದ್ದರು. "ಬರ್ರಿ ಬರ್ರಿ! ಗಾಡಿ ಮುಟ್ಟಸ್ತಲ್ರೀ!"

"ನಡು ದಾರ್ಯಾಗ ಕೆಟ್ಟಿತ್ರಿ," ಎಂದರು ಕಾಂತಾ. ಗುರುಪುತ್ರಪ್ಪನವರು ಬಗ್ಗಿ ಚಪ್ಪಲಿ ಬಿಡತೊಡಗಿದರು. "ಇವರೇ ರಿಪೇರಿ ಮಾಡಿದ್ರು. ಟರ್ಬೊ ಪೈಪು!"

ಅದು ಸುಳ್ಳೇನಲ್ಲವಲ್ಲ! ಗುರುಪುತ್ರಪ್ಪನವರ ಎದೆ ಗೇಣುದ್ದ ಉಬ್ಬಿತು. ಮಗಳಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆರತಿ ಎತ್ತುವವರೆಗೂ ಅದು ಇಳಿಯಲಿಲ್ಲ.

ಊಟಕ್ಕೆ ಇನ್ನೂ ಹೊತ್ತಿತ್ತು. ಸಿದ್ದಪ್ಪನವರು ಹತ್ತಿರ ಬಂದು, "ಬೀಗರ, ನಮ್ಮ ಗಾಡೀನೂ ಒಂಥರಾ ಗುರ್ರ್ ಅಂತೈತ್ರಿ. ನಿಮ್ಮ ಕಿವೀಗಿ ಒಂದೀಟು ಕೇಳಸ್ತೀನಿ" ಎಂದರು. ಹಿತ್ತಿಲಲ್ಲಿ ಅಡುಗೆಮನೆಯ ಕಿಟಕಿಗೆ ಒತ್ತಿ ನಿಂತಿದ್ದ ಕಾರಿನ ಬಾನೆಟ್ ಎತ್ತಿ, ಒಳಗೆ ಹೋದರು.

ಗುರುಪುತ್ರಪ್ಪನವರು ಕಣ್ಣು ಮುಚ್ಚಿದರು. ತಲೆ ಓರೆ ಮಾಡಿದರು. 'ಗುರ್ರ್ರ್...' ಎಂಬ ಸದ್ದು ಎದ್ದಿತು. ನೆಂಟರೆಲ್ಲ ಸುತ್ತ ನೆರೆದರು.

"ಬೇರಿಂಗ್ ಹೋಗೈತಿ," ತೀರ್ಪು ಹೊರಬಿತ್ತು. "ಇನ್ನ ಜಾಸ್ತಿ ಹೊತ್ತು ತಡ್ಯಂಗಿಲ್ಲ."

ಸದ್ದು ಗಕ್ಕನೆ ನಿಂತಿತು.

"ನೋಡ್ರಿ! ಬಂದ್ ಬಿತ್ತು! ಹೇಳಿದ್ನೋ ಇಲ್ಲೋ?"

ಸಿದ್ದಪ್ಪನವರು ಮನೆಯೊಳಗಿಂದ ಅವಸರದಲ್ಲಿ ಬಂದರು. "ಕೀಲಿ ಈಗ ಸಿಕ್ತ್ರಿ ಬೀಗರ. ಗಾಡಿ ಚಾಲೂ ಮಾಡ್ಲೇನು?"

ಕಿಟಕಿಯಿಂದ ಅವರ ಹೆಂಡತಿ ಕಾಶವ್ವ ಕೂಗಿದರು: "ಮಿಕ್ಸರದಾಗ ಚಟ್ನಿ ರುಬ್ಬಿದ್ದಾತ್ರಿ, ಎಲ್ಲಾರೂ ಊಟಕ್ಕ ಬರ್ರಿ!"