ಎಡ ಬೂಟಿನ ಒಂಟಿ ಸೀಟಿ

ನನ್ನ ಎಡ ಹಿಮ್ಮಡಿಯ ಕೆಳಗೆ ಸದಾ ವಿರಾಜಮಾನರಾಗಿರುವ ಸೀಟಿ ಯಂತ್ರದವರ ಸನ್ನಿಧಾನಕ್ಕೆ, ದಿನವೂ ತಮ್ಮ ಮೇಲೆಯೇ ನಿಲ್ಲುವ ಭಾಗ್ಯ ಪಡೆದ ನಿವೃತ್ತ ಬಸ್ ಕಂಡಕ್ಟರನ ಅನಂತ ನಮಸ್ಕಾರಗಳು.

ಮಾನ್ಯರೇ,

ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದ ನನ್ನ ಎಡಗಾಲಿಗೆ ತನ್ನ ಕೆಳಗೆ ನೆಲವಿದೆಯೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲವಾದ್ದರಿಂದ, ಆ ಸುದ್ದಿಯನ್ನು ಕಿವಿಯ ಮೂಲಕವಾದರೂ ಮುಟ್ಟಿಸಲೆಂದು ಫಿಸಿಯೋಥೆರಪಿ ಮೇಡಂ ತಮ್ಮನ್ನು ನನ್ನ ಬೂಟಿನೊಳಗೆ ನೇಮಿಸಿದರು. ಹಿಮ್ಮಡಿಯ ಮೇಲೆ ಸಾಕಷ್ಟು ಭಾರ ಬಿದ್ದೊಡನೆ ತಾವು ಒಮ್ಮೆ ‘ಪೀ’ ಎಂದು ಮೆಚ್ಚುಗೆ ಸೂಚಿಸತಕ್ಕದ್ದು, ನಾನು ಮುಂದಿನ ಹೆಜ್ಜೆ ಇಡತಕ್ಕದ್ದು ಎಂದು ಅವರು ವಿವರಿಸಿದರಂತೆ. ನಾನು ತಲೆಯಾಡಿಸುವುದರಲ್ಲಿ ಮಗ್ನನಾಗಿದ್ದೆ, ಒಂದೂ ಕೇಳಿಸಿಕೊಳ್ಳಲಿಲ್ಲ.

ತಮ್ಮಂಥ ವಿದ್ಯಾವಂತರಿಗೆ ನಮ್ಮ ಕಸುಬಿನ ಕಟ್ಟಳೆ ಗೊತ್ತಿರಲಿಕ್ಕಿಲ್ಲ: ಒಂದು ಸೀಟಿಗೆ ಬಸ್ಸು ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಮೂವತ್ತೊಂದು ವರ್ಷ ಸೀಟಿ ಊದಿದವನು ನಾನು. ಹಾಗಾಗಿ ತಾವು ‘ಪೀ’ ಎಂದಾಗಲೆಲ್ಲ ನಿಂತೆ. ಯಾರಾದರೂ ಇಳಿಯುವವರಿದ್ದಾರೆಯೇ ಎಂದು ಹಿಂದಿರುಗಿ ನೋಡಿದ್ದೂ ಉಂಟು. ಆಮೇಲೆ ತಾವು ಬೈಯುತ್ತಿದ್ದೀರೆಂದು ತೀರ್ಮಾನಿಸಿ, ತಮಗೆ ಬೇಸರವಾಗದಂತೆ ಬೆಕ್ಕಿನ ಹಾಗೆ ಹಗುರವಾಗಿ ಕಾಲಿಡುವ ವಿದ್ಯೆಯನ್ನು ಕಷ್ಟಪಟ್ಟು ಕಲಿತೆ. ಮೂರು ವಾರ ಭಾರವೆಲ್ಲ ಹೆಂಡತಿಯ ಹೆಗಲ ಮೇಲೆ ಬಿದ್ದು, ಆ ಹೆಗಲು ಬಾತುಕೊಂಡಿತು. ತಿಂಗಳಾಂತ್ಯಕ್ಕೂ ಹೀಗೇ ಇದ್ದರೆ ಇನ್ನು ಗಾಲಿಕುರ್ಚಿಯೇ ಗತಿ ಎಂದು ಮೇಡಂ ಮೆಲ್ಲಗೆ ಹೇಳಿದ ದಿನ, ಮಾನ್ಯರೇ, ನನಗೆ ನಿಜಕ್ಕೂ ಭಯವಾಯಿತು.

‘ಅಲ್ರೀ, ಅದು ಭೇಷ್ ಅಂತಿದೆ, ನೀವ್ಯಾಕೆ ನಿಲ್ತೀರಿ?’ ಎಂದು ಕೊನೆಗೆ ಗುಟ್ಟು ಬಿಡಿಸಿದವಳು ಹೆಂಡತಿಯೇ. ಅಂದಿನಿಂದ ತಮ್ಮ ಪ್ರತಿ ‘ಪೀ’ಗೂ ಅವಳು ‘ರೈಟ್, ರೈಟ್’ ಎನ್ನುತ್ತಾಳೆ, ಗಾಡಿ ಹೊರಡುತ್ತದೆ. ಎಡಗಾಲಿಗೆ ‘ರೈಟ್’ ಎನ್ನುವುದು ಸರಿಯೇ ಎಂದು ದಯವಿಟ್ಟು ತಕರಾರು ತೆಗೆಯಬೇಡಿ.

ಕುರ್ಚಿಯಲ್ಲಿ ಕೂತು ಸುಮ್ಮನೆ ಹಿಮ್ಮಡಿ ಒತ್ತಿದರೂ ಹೊಗಳುವ ತಮ್ಮ ಔದಾರ್ಯವನ್ನು ಎಷ್ಟು ಕೊಂಡಾಡಿದರೂ ಸಾಲದು. ಆ ಧೈರ್ಯದಿಂದಲೇ ಬೇಡುತ್ತೇನೆ: ಇನ್ನು ಮುಂದೆ ಎರಡು ಸೀಟಿ ಊದುವುದು, ಹೊಸ್ತಿಲ ಬಳಿ ನಾನು ತಡವರಿಸಿದರೆ ‘ಮುಂದೆ ಹೋಗಿ, ಮುಂದೆ ಜಾಗ ಇದೆ’ ಎಂದು ಗದರುವುದು, ಭಾವಮೈದುನ ನೋಡಲು ಬಂದಾಗ ನಾನು ಹೇಗೆ ನಡೆದರೂ ಮೆಚ್ಚುವುದು, ಸಾಧ್ಯವಾದರೆ ಬಲಗಾಲಿಗೂ ಒಂದೆರಡು ಒಳ್ಳೆಯ ಮಾತು ಹೇಳುವುದು, ಅದು ನಾಲ್ಕು ತಿಂಗಳಿಂದ ಇಬ್ಬರ ಕೆಲಸ ಮಾಡಿ ಮುನಿಸಿಕೊಂಡಿದೆ.

ತಮ್ಮ ವಿಶ್ವಾಸಿ, ಹಾಗೂ ತಮ್ಮ ಮೇಲೆ ಪೂರ್ಣ ಭಾರ ಹಾಕಿರುವ
ನಿವೃತ್ತ ಕಂಡಕ್ಟರ್

ಮರೆತ ಮಾತು: ಇಂದು ಬೆಳಿಗ್ಗೆ ಹೆಂಡತಿಯ ಹೆಗಲ ಮೇಲೆ ಬರಿದೇ ಕೈಯಿಟ್ಟುಕೊಂಡು, ಬೀದಿ ತುದಿಯ ಬಸ್ ನಿಲ್ದಾಣದವರೆಗೆ ನಡೆದು ಬಂದೆ. ಹೆಜ್ಜೆಹೆಜ್ಜೆಗೂ ಅವಳು ‘ರೈಟ್, ರೈಟ್’ ಎನ್ನುತ್ತಿದ್ದಳು. ಮನೆಗೆ ಬಂದು ಬೂಟು ಕಳಚಿದಾಗ ತಿಳಿಯಿತು, ನಿನ್ನೆಯೇ ತಮ್ಮ ಸೆಲ್ಲು ಮುಗಿದುಹೋಗಿತ್ತು. ಯಾವ ಸೀಟಿ ಕೇಳಿ ರೈಟ್ ಹೇಳಿದೆ ಎಂದು ಅವಳನ್ನು ಕೇಳಿದೆ. ‘ಸೀಟಿ ಯಾಕ್ರೀ? ನೀವು ಆ ಕಾಲು ಸರಿಯಾಗಿ ಊರಿದ್ರೆ ನನ್ನ ಹೆಗಲಿಗೇ ಗೊತ್ತಾಗತ್ತೆ’ ಎಂದಳು. ಅದಕ್ಕೆ ಸೆಲ್ಲೂ ಬೇಕಿಲ್ಲ. ತಾವು ನಿವೃತ್ತಿಯ ಅರ್ಜಿ ಬರೆಯುವುದಾದರೆ ಹೇಳಿ, ನನಗೆ ಅನುಭವವಿದೆ.