ಜತ್ತ ಎಲ್ಲಿ ಬರುತ್ತದೆ ಎಂದು ಕೇಳಿದ್ದು

ಬೇಕು ಎನ್ನುವುದನ್ನು ಮುಖದ ಮೇಲೆ ತೋರಿಸಿಕೊಂಡವನಿಗೆ ಈ ಲೋಕದಲ್ಲಿ ಯಾವುದೂ ಅಗ್ಗಕ್ಕೆ ಸಿಗುವುದಿಲ್ಲ. ಇದು ನಾನು ಸಾಲೆಯಲ್ಲಿ ಕಲಿತದ್ದಲ್ಲ. ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಜತ್ತದ ಕುರಿ ಬಾಜಾರಿನಲ್ಲಿ ನನ್ನ ಸೋದರಮಾವನ ಹಿಂದೆ ನಿಂತು ಕಲಿತದ್ದು. ಅವನು ಮನಸ್ಸಿಗೆ ಬಂದ ಟಗರಿಗೆ ಬೆನ್ನು ತಿರುಗಿಸಿ, ಬೇಡವಾದ ಟಗರಿನ ಹಲ್ಲು ಎಣಿಸುತ್ತ ಕೂಡುತ್ತಿದ್ದ. ನಾನು ಆ ವಿದ್ಯೆಯನ್ನು ಎಲ್ಲ ಕಡೆಗೂ ಹಚ್ಚಿದೆ. ಬಿಳೂರಿಗೆ ಹೆಣ್ಣು ನೋಡಲು ಹೋದಾಗಲೂ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕೂತಿದ್ದೆ. ಹುಡುಗಿ ಮಹಾದೇವಿಗೆ, ಯಾರೋ ತಾರೀಖು ಕೇಳಲು ಬಂದಿದ್ದಾರೆ ಅನ್ನಿಸಿತಂತೆ. ಆದರೂ ಮದುವೆಯಾದಳು. ಈಗಲೂ ಸಿಟ್ಟು ಬಂದಾಗ, "ನೀವು ಆ ಕ್ಯಾಲೆಂಡರ್‌ನ ಲಗ್ನ ಆಗಬೇಕಾಗಿತ್ತು" ಎನ್ನುತ್ತಾಳೆ.

ನನ್ನ ಕೆಲಸ ಪವನಚಕ್ಕಿಯ, ಅಂದರೆ ಗಾಳಿಯಿಂದ ಕರೆಂಟು ತೆಗೆಯುವ ಯಂತ್ರದ, ರೆಕ್ಕೆ ರಿಪೇರಿ. ನಮ್ಮ ಕಡೆ ಅದಕ್ಕೆ ಫ್ಯಾನ್ ಎಂದೇ ಹೆಸರು. ಅಷ್ಟೆತ್ತರದ ಕಂಬದಿಂದ ಹಗ್ಗ ಕಟ್ಟಿಕೊಂಡು ಇಳಿಯುವುದು, ಬಿರುಕು ಬಿಟ್ಟ ರೆಕ್ಕೆಗೆ ತೇಪೆ ಹಚ್ಚುವುದು. ನೌಕರಿಯಲ್ಲ, ಗುತ್ತಿಗೆ. ಎಲ್ಲಿ ರೆಕ್ಕೆ ಬಿರಿಯುತ್ತದೋ ಅಲ್ಲಿಗೆ ಹೋಗಬೇಕು. ಹೀಗೆ ಹಲವು ವರ್ಷಗಳಿಂದ ಗುಜರಾತಿನ ಕಛ್ ಸೀಮೆಯಲ್ಲಿದ್ದೆ. ರಜೆಗೆ ನಮ್ಮೂರು ಉಮದಿಗೆ ಬಂದಾಗೆಲ್ಲ ನಮ್ಮ ದಿಬ್ಬದ ಮೇಲಿನ ಫ್ಯಾನುಗಳನ್ನು ನೋಡುತ್ತ ನಿಲ್ಲುತ್ತಿದ್ದೆ. ಕಂಡವರ ಊರಿನ ಗಾಳಿಗೆಲ್ಲ ತೇಪೆ ಹಾಕಿ ಬಂದವನು ತನ್ನ ಊರಿನ ಗಾಳಿಗೆ ಮಾತ್ರ ಬರೀ ಮುಖ ಒಡ್ಡಿ ನಿಲ್ಲಬೇಕು. ಅವುಗಳಲ್ಲಿ ಒಂದಾದರೂ ಕೆಡಬಾರದೇ ಎಂದು ಮನಸ್ಸಿನಲ್ಲಿ ಹರಕೆ ಹೊತ್ತಿದ್ದೂ ಉಂಟು.

ಗುತ್ತಿಗೆಯವರಿಗೆ ಕೆಲಸ ಕೊಡಿಸುವುದು ಭರ್ತಿ ಏಜೆನ್ಸಿಗಳು. ಇವರ ವಿಷಯದಲ್ಲಿ, ಕೇಳದಿದ್ದರೂ ಒಂದು ಬುದ್ಧಿಮಾತು ಹೇಳುತ್ತೇನೆ. ಫೋನು ಮಾಡಿದ ಗಳಿಗೆಯಲ್ಲೇ ಇವರು ನಿಮ್ಮ ಆದಾಯ ತೆರಿಗೆಯ ರಿಟರ್ನ್ ಕೇಳುತ್ತಾರೆ. ತೆರಿಗೆ ಮುರಿದುಕೊಳ್ಳಲು ಪ್ಯಾನ್ ನಂಬರ್ ಬೇಕು, ನಿಜ. ಅದನ್ನು ಕೆಲಸ ಖಾತ್ರಿಯಾದ ಮೇಲೆ ಕೊಡಿ. ರಿಟರ್ನ್ ಯಾಕೆ ಬೇಕು? ಹೋದ ವರ್ಷ ನೀವು ಎಷ್ಟಕ್ಕೆ ದುಡಿದಿರಿ ಎಂದು ತಿಳಿದರೆ, ಈ ವರ್ಷ ಅದರ ಮೇಲೆ ಚೂರು ಉಪ್ಪು ಹಾಕಿ ಕೊಟ್ಟರೆ ಸಾಕಲ್ಲ! ಅದಕ್ಕೇ, ದರ ಕುದುರುವ ತನಕ ಕಾಗದ ಬಿಡಬೇಡಿ. ಕೊಡಲೇಬೇಕಾದರೆ ಮೊತ್ತ ಮುಚ್ಚಿ, ಯಾವ ಕೆಲಸಕ್ಕಾಗಿ ಕೊಟ್ಟದ್ದೆಂದು ಅಡ್ಡಡ್ಡ ಬರೆದು ಕೊಡಿ. ತೆರಿಗೆ ಖಾತೆಯ ಪಾಸ್‌ವರ್ಡ್ ಕೇಳಿದರೆ ಫೋನು ಇಡಿ. ಕಛ್‌ನಲ್ಲಿ ಹಗ್ಗಕ್ಕೆ ಜೋತುಬಿದ್ದ ಎಷ್ಟೋ ಜನರಿಗೆ ನಾನು ಇದನ್ನು ಪುಕ್ಕಟೆ ಹೇಳಿಕೊಟ್ಟಿದ್ದೇನೆ.

ಒಂದು ಮಧ್ಯಾಹ್ನ ಪುಣೆಯ ಏಜೆನ್ಸಿಯೊಂದರಿಂದ ಹುಡುಗಿಯೊಬ್ಬಳು ಮರಾಠಿಯಲ್ಲಿ ಫೋನು ಮಾಡಿದಳು. ಒಂದು ವರ್ಷದ ಕೆಲಸವಿದೆ, ಜಾಗ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕು, ಬರುತ್ತೀರಾ ಎಂದು ಕೇಳಿದಳು. ಜತ್ತವೆಂದರೆ ನಮ್ಮ ತಾಲೂಕೇ, ನಮ್ಮ ದಿಬ್ಬದ ಫ್ಯಾನುಗಳೇ. ಒಂದು ವರ್ಷ! ದಿನಾ ಸಂಜೆ ಮನೆ! ಆದರೆ ಸೋದರಮಾವನ ಪಾಠ ಪೆಟ್ಟಿಗೆಯಲ್ಲಿಡಲು ಕಲಿತದ್ದೇ? ನಾನು ಆಕಳಿಸಿ, "ಜತ್ತವೇ? ಅದೆಲ್ಲಿ ಬರುತ್ತದೆ?" ಎಂದು ಅಷ್ಟೇ ಚೊಕ್ಕ ಮರಾಠಿಯಲ್ಲಿ ಕೇಳಿದೆ. ಅವಳು ತಾಳ್ಮೆಯಿಂದ ದಿಕ್ಕು ಹೇಳಿದಳು. ನಾನು ಬಿಸಿಲು ಹೆಚ್ಚಂತೆ ಎಂದೆ, ಅಲ್ಲಿ ಊಟಕ್ಕೆ ಏನೂ ಸಿಗುವುದಿಲ್ಲವಂತೆ ಎಂದೆ, ಜನ ಯಾವ ಭಾಷೆ ಆಡುತ್ತಾರೋ ಎಂದೆ. ಅಂಥ ಕಡೆಗೆ ಹೋಗಬೇಕಾದರೆ ಊಟ ವಸತಿಯ ಭತ್ತೆ ಬೇರೆ ಬೇಕು ಎಂದೆ. ಹೆಚ್ಚುಕಡಿಮೆ ಒಪ್ಪಿದಳು. ಫೋನು ಇಡುವ ಮುಂಚೆ, "ನಿಮ್ಮ ರಿಟರ್ನ್ ಕಳಿಸಿಬಿಡಿ" ಎಂದಳು.

ಈಗ ನನ್ನ ಫಜೀತಿ ನೋಡಿ. ರಿಟರ್ನ್ ಮೇಲೆ ಗಳಿಕೆ ಒಂದೇ ಇರುವುದಿಲ್ಲ, ಮನೆಯ ವಿಳಾಸವೂ ಇರುತ್ತದೆ. ಮುಕ್ಕಾಂ ಪೋಸ್ಟ್ ಉಮದಿ, ತಾಲೂಕು ಜತ್ತ. ಸ್ವಂತ ಮನೆಯಲ್ಲಿ ಮಲಗಲು ವಸತಿ ಭತ್ತೆ ಕೇಳಿದವನು ಅದನ್ನು ಯಾವ ಮುಖ ಹೊತ್ತು ಕಳಿಸಲಿ?

ಹೀಗಾಗಿ ನಾನು ತತ್ವದ ಮನುಷ್ಯನಾದೆ. ಅವಳು ಫೋನು ಮಾಡಿದಾಗಲೆಲ್ಲ ಖಾಸಗಿ ಮಾಹಿತಿಯ ಪಾವಿತ್ರ್ಯದ ಬಗ್ಗೆ ಭಾಷಣ ಮಾಡಿದೆ. ಕೊನೆಗೆ ಅವಳು, "ಸಂಜೆಯೊಳಗೆ ಬರದಿದ್ದರೆ ಇನ್ನೊಬ್ಬರು ಸಿದ್ಧರಿದ್ದಾರೆ" ಎಂದಳು. ಇನ್ನೊಬ್ಬ! ನಮ್ಮ ದಿಬ್ಬದ ಫ್ಯಾನಿಗೆ ಯಾವನೋ ಒಬ್ಬ ಜೋತುಬಿದ್ದು, ನನ್ನ ಮನೆಯ ಮಾಳಿಗೆಯ ಮೇಲೆ ಮಹಾದೇವಿ ಒಣಹಾಕಿದ ಮೆಣಸಿನಕಾಯಿ ನೋಡುತ್ತಾನಲ್ಲ! ಫೋನು ಕಿವಿಯಲ್ಲಿರುವುದು ಮರೆತು, ಕನ್ನಡದಲ್ಲಿ ನನ್ನಷ್ಟಕ್ಕೆ ಗೊಣಗಿದೆ.

"ನಾ ಎಷ್ಟ್ ಗಳಸೀನಿ ಅನ್ನೂದು ತಗೊಂಡು ಇಕಿ ಏನ್ ಮಾಡಾಕಿ ಅದಾಳೋ ಏನೋ!"

ಆ ಕಡೆಯಿಂದ ಉತ್ತರವೂ ನಮ್ಮ ಮಾತಿನಲ್ಲೇ ಬಂತು.

"ನಾ ಏನೂ ಮಾಡೂದಿಲ್ರಿ ಕಾಕಾ. ಮ್ಯಾಲಿನವ್ರು ಕೇಳ್ತಾರ, ನಾ ಕೇಳ್ತೀನಿ."

ತಿಂಗಳುಗಟ್ಟಲೆ ಗುಜರಾತಿ, ಹಿಂದಿಗಳ ನಡುವೆ ಇದ್ದವನು. ಪಕ್ಕದ ಮನೆಯ ಕಟ್ಟೆಯಿಂದ ಬಂದಂತಿದ್ದ ಆ ದನಿ ಕೇಳಿ ನನ್ನ ಚೌಕಾಸಿಯೆಲ್ಲ ಇಳಿದುಹೋಯಿತು.

"ಯವ್ವಾ, ಯಾವೂರ ನಿಂದು?"

"ಬಿಳೂರ್ರಿ, ಜತ್ತ ತಾಲೂಕಾ. ನಿಮಗ ಗೊತ್ತಿರಾಕಿಲ್ಲ ಬಿಡ್ರಿ. ಅಲ್ಲಿ ಊಟಕ್ಕ ಏನೂ ಸಿಗೂದಿಲ್ಲಂತ."

"ಹಂಗ್ಯಾಕಂತಿ ತಂಗಿ, ನನ್ನ ಹೆಂಡತಿ ತವರೂರ ಅದಽ."

"ಅಂದ್ರ ನಮ್ಮೂರ ಅಳಿಯಾರು! ಹಂಗಾರ ಊಟದ ಭತ್ತೆ ತಗದ್ ಹಾಕ್ತೀನ್ರಿ. ಅಳಿಯಾಗ ಉಪವಾಸ ಕೆಡವೂ ಊರಲ್ಲ ನಮ್ಮದು."

"ಇರ್ಲಿ, ತಗೀ."

"ವಸತೀದು?"

"ಅದನ್ನೂ ತಗೀ ಯವ್ವಾ. ಹೆಂಡತಿ ಜಾಗಾ ಕೊಡ್ತಾಳ."

ಅವಳು ನಕ್ಕಳು. ತಾನು ಊರಿಗೆ ಹೋಗಿ ವರ್ಷವಾಯಿತು, ತನಗೂ ಆ ಕಡೆಗೊಂದು ಕೆಲಸ ಹುಡುಕಿಕೊಡುವವರು ಯಾರಾದರೂ ಇದ್ದಾರೇನು ಎಂದು ಕೇಳಿದಳು. ತಮಾಷೆಗೇ ಕೇಳಿದ್ದು. ಫೋನು ಇಟ್ಟ ಕೂಡಲೇ ನಾನು ಎಲ್ಲ ರಿಟರ್ನ್‌ಗಳ ಫೋಟೋ ತೆಗೆದು ಕಳಿಸಿದೆ. ತಕ್ಷಣ ಅವಳ ಫೋನು ಬಂತು. "ಕಾಕಾ, ಮೊತ್ತದ ಮ್ಯಾಲ ನಿಮ್ಮ ಹೆಬ್ಬಟ್ಟ ಕುಂತೈತಿ. ತಗೀರಿ." ಖರೇ ಹೇಳುತ್ತೇನೆ, ನಾನು ಬೇಕೆಂದು ಇಟ್ಟದ್ದಲ್ಲ, ಕೈ ತಾನೇ ಹೋಗಿ ಕೂತಿತ್ತು. ಕೊನೆಗೆ ಹಳೆಯ ದರಕ್ಕೇ ಕೆಲಸ ಕುದುರಿತು.

ಉಮದಿಗೆ ಬಂದ ಸಂಜೆ ಊಟಕ್ಕೆ ಕೂತು ಇದನ್ನೆಲ್ಲ ಹೆಂಡತಿಗೆ ಬಣ್ಣ ಹಚ್ಚಿ ಹೇಳಿದೆ. ನಮ್ಮೂರ ಹುಡುಗಿ ಭೇಷ್ ಎಂದು ಅವಳು ಬಹಳ ನಕ್ಕಳು. ನಕ್ಕು ಮುಗಿದ ಮೇಲೆ ಕೇಳಿದಳು: "ಅಲ್ರಿ, ಈ ಕೆಲಸಕ್ಕ ಅಷ್ಟು ಆಸೆ ಇತ್ತಂದ್ರ ಮೊದಲಽ ಯಾಕ ಮನಿ ಕಡೆ ಕೆಲಸ ನೋಡಲಿಲ್ಲ?"

"ನೀನಽ ಫೋನಿನ್ಯಾಗ ಅಂತಿದ್ದೆಲ್ಲ, ಇಲ್ಲಿ ಎಲ್ಲಾ ಬರೋಬರಿ ಐತಿ, ಅವಸರ ಮಾಡಬ್ಯಾಡ್ರಿ ಅಂತ."

"ಅಂತಿದ್ದೆ. ನೀವು ಅದನ್ನ ಖರೇ ಅಂತ ತಿಳಕೊಂಡ್ರೇನು?"

"ನನಗೇನು ಮಾರುವ ಗರಜು ಇಲ್ಲ" ಎಂದ ಯಾವ ವ್ಯಾಪಾರಿಯನ್ನೂ ನಾನು ಈ ಜನ್ಮದಲ್ಲಿ ನಂಬಿದವನಲ್ಲ. ಇವಳ ಮಾತನ್ನು ಮಾತ್ರ ವರ್ಷಗಟ್ಟಲೆ ನಂಬಿ, ಚಲೋ ಆತು ಎಂದು ಫೋನು ಇಡುತ್ತಿದ್ದೆ.

"ಇನ್ನೊಂದು ರೊಟ್ಟಿ ಹಾಕ್ಲೇನು?" ಎಂದಳು.

ಹಸಿವೆ ಇತ್ತು. ರೂಢಿಯ ಬಾಯಿ, "ಬ್ಯಾಡ" ಎಂದಿತು.

ಅವಳು ರೊಟ್ಟಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನಾನು ತಾಟು ಹಿಡಿದುಕೊಂಡು ಎದ್ದು ಅವಳ ಹಿಂದೆ ಹೋದೆ.